ಪಾದಕ್ಕೆ ಒಗ್ಗುವ ಪೆಡಲ್

ಲಕ್ಷ ರೂಪಾಯಿ ದಾಟಿದ ರೋಡ್ ಸೈಕಲ್ಲುಗಳಲ್ಲಿ ಎಷ್ಟೋ ಪೆಡಲ್ ಇಲ್ಲದೆಯೇ ಮಾರಾಟವಾಗುತ್ತವೆ. ತನಗೆ ಬೇಕಾದ ಪೆಡಲನ್ನು ಸವಾರನೇ ಆರಿಸಿಕೊಳ್ಳಲಿ ಎಂಬುದು ಕಂಪನಿಗಳ ಲೆಕ್ಕ. ಕಾಲೇಜಿಗೆ, ಕೆಲಸಕ್ಕೆ, ಸಂತೆಗೆ ದಿನಾ ಸೈಕಲ್ ತುಳಿಯುವವರಿಗೆ ಮಾತ್ರ ಆ ಅವಕಾಶವನ್ನು ಯಾರೂ ಕೊಡುವುದಿಲ್ಲ. ಕಾರ್ಖಾನೆ ಹಾಕಿ ಕಳಿಸಿದ್ದೇ ಪೆಡಲ್. ಸೀಟು ಗಟ್ಟಿಯಾದರೆ ಮೆತ್ತನೆಯ ಕವರ್ ಹುಡುಕುತ್ತೇವೆ. ಪಾದ ಉರಿದರೆ, ಮಳೆಯಲ್ಲಿ ಚಪ್ಪಲಿ ಜಾರಿದರೆ ಸುಮ್ಮನೆ ಸಹಿಸಿಕೊಳ್ಳುತ್ತೇವೆ. ಪೆಡಲ್ ಬೆಳೆದು ಬಂದ ದಾರಿಯನ್ನು ನೋಡಿದರೆ ಇದರ ಕಾರಣ ತಿಳಿಯುತ್ತದೆ. ಬಹಳ ಕಾಲ ಅದರ ಬಗ್ಗೆ ತಲೆಕೆಡಿಸಿಕೊಂಡವರು ಹೆಚ್ಚಾಗಿ ರೇಸಿನವರು.

ಸೈಕಲ್ಲಿನ ಮೂಲರೂಪಕ್ಕೆ ಪೆಡಲೇ ಇರಲಿಲ್ಲ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿದ ಎರಡು ಗಾಲಿಯ ಯಂತ್ರವನ್ನು ಕಾಲಿನಿಂದ ನೆಲ ಒದ್ದು ತಳ್ಳಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್‌ನವರು ಮುಂದಿನ ಗಾಲಿಗೆ ಪೆಡಲ್ ಜೋಡಿಸಿದರು. ಮೊದಲು ಜೋಡಿಸಿದ್ದು ಪಿಯೆರ್ ಮಿಶೋ ಅವರೋ ಪಿಯೆರ್ ಲಾಲ್ಮಾ ಅವರೋ ಎಂಬ ವಾದ ಇನ್ನೂ ತೀರಿಲ್ಲ. ಅಮೆರಿಕದ ಪೇಟೆಂಟ್ ಮಾತ್ರ 1866ರಲ್ಲಿ ಲಾಲ್ಮಾ ಹೆಸರಿಗೆ ದಕ್ಕಿತು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಅವರ ರೋವರ್ ಸೈಕಲ್ ಬಂತು. ಚೈನು ಹಿಂದಿನ ಗಾಲಿಯನ್ನು ತಿರುಗಿಸುವ, ಪೆಡಲ್ ನಡುವೆ ಇರುವ ಆ ರಚನೆಯೇ ಇಂದಿಗೂ ನಡೆದಿದೆ.

ಸೈಕಲ್ ಶಾಪಿನ ಹುಡುಗರಿಗೆಲ್ಲ ಗೊತ್ತಿರುವ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಎಡಗಡೆಯ ಪೆಡಲಿನ ಥ್ರೆಡ್ಡು ಉಲ್ಟಾ. ತುಳಿಯುವಾಗ ಭಾರ ಬೀಳುವ ದಿಕ್ಕು ಸುತ್ತುತ್ತಾ ಹೋಗುವುದರಿಂದ ಪೆಡಲಿನ ದಂಡ ಕ್ರ್ಯಾಂಕಿನ ತೂತಿನೊಳಗೆ ಕಣ್ಣಿಗೆ ಕಾಣದಷ್ಟು ಹೊರಳುತ್ತದೆ. ಎರಡೂ ಕಡೆ ಮಾಮೂಲು ಥ್ರೆಡ್ಡೇ ಇದ್ದಿದ್ದರೆ ಎಡಗಡೆಯದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ವಿಮಾನ ಹಾರಿಸುವ ಮೊದಲು ಡೇಟನ್‌ನಲ್ಲಿ ಸೈಕಲ್ ಮಾಡುತ್ತಿದ್ದ ರೈಟ್ ಸಹೋದರರು, ಬಿಚ್ಚಿಕೊಳ್ಳದ ಪೆಡಲ್ ತಮ್ಮಲ್ಲಿದೆ ಎಂದು 1900ರಲ್ಲಿ ಸಾರಿದ್ದರು. ಪೆಡಲ್ ಬಿಚ್ಚುವವರು ಇಷ್ಟು ನೆನಪಿಟ್ಟರೆ ಸಾಕು: ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಹಿಂದಿನ ಗಾಲಿಯ ಕಡೆ ಎಳೆದರೆ ಎರಡೂ ಸಡಿಲವಾಗುತ್ತವೆ.

ನಮ್ಮ ರಸ್ತೆಗಳಿಗೆ ಬಂದದ್ದು ಇಂಗ್ಲಿಷ್ ಮಾದರಿಯ ರಬ್ಬರ್ ಪೆಡಲ್. ಉಕ್ಕಿನ ಚೌಕಟ್ಟಿನಲ್ಲಿ ಸಾಲು ಗೆರೆ ಇರುವ ರಬ್ಬರ್ ತುಂಡುಗಳು. ಮದ್ರಾಸಿನ ಟಿಐ, ಸೋನಿಪತ್‌ನ ಅಟ್ಲಾಸ್, ಲುಧಿಯಾನಾದ ಹೀರೋ ಸ್ವಾತಂತ್ರ್ಯಾನಂತರ ಮಾಡಿದ ಕಪ್ಪು ಸೈಕಲ್ಲುಗಳಲ್ಲೆಲ್ಲ ಇದೇ. ಬರಿಗಾಲಿಗೂ ಹವಾಯಿ ಚಪ್ಪಲಿಗೂ ಇದು ಒಳ್ಳೆಯ ಪೆಡಲ್, ಹೊಸದಾಗಿದ್ದಾಗ. ಕೆಲವು ವರ್ಷದಲ್ಲಿ ಗೆರೆ ಸವೆದು ರಬ್ಬರ್ ನುಣ್ಣಗಾಗುತ್ತದೆ, ಆಮೇಲೆ ಒಂದೊಂದೇ ತುಂಡು ಕಳಚಿ ಬೀಳುತ್ತದೆ. ಒಳಗಿನ ಗುಂಡುಗಳಿಗೆ ಧೂಳು ಸೇರಿ ಕಟಕಟ ಸದ್ದು ಶುರುವಾಗುತ್ತದೆ. ಕಡೆಗೆ ಬರೀ ಕಂಬಿ ಉಳಿದ ಪೆಡಲಿನ ಮೇಲೆ ಹಿಮ್ಮಡಿ ಊರಿ ಒಳಪೆಡಲ್ ಹೊಡೆಯುವ ಮಕ್ಕಳನ್ನು ಯಾವ ಹಳ್ಳಿಯಲ್ಲೂ ನೋಡಬಹುದಿತ್ತು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟ ರಾಜ್ಯ ನಮ್ಮದು. ಚಪ್ಪಲಿ ಮೆಟ್ಟಿದ ಆ ಪುಟ್ಟ ಪಾದಗಳಿಗೆ ಎಂಥ ಪೆಡಲ್ ಬೇಕೆಂಬ ಚರ್ಚೆ ಕೇಳಿದ ನೆನಪಿಲ್ಲ.

ರೇಸಿನವರ ದಾರಿ ಬೇರೆಯಾಯಿತು. ಹಲ್ಲಿನ ಉಕ್ಕಿನ ಪೆಡಲಿಗೆ ಕೊಕ್ಕೆ ಹಾಕಿ, ತೊಗಲಿನ ಪಟ್ಟಿಯಿಂದ ಪಾದವನ್ನು ಬಿಗಿದರು. ಬಿದ್ದಾಗ ಕಾಲು ಬಿಡಿಸಿಕೊಳ್ಳುವುದೇ ಕಷ್ಟ. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಹಿಮಜಾರಾಟದ ಬೂಟು ಹಿಡಿಯುವ ತಂತ್ರವನ್ನು ಪೆಡಲಿಗೆ ತಂದಿತು. ಹಿಮ್ಮಡಿ ಹೊರಳಿಸಿದರೆ ಶೂ ಬಿಟ್ಟುಕೊಳ್ಳುತ್ತದೆ. ಮರುವರ್ಷವೇ ಬರ್ನಾರ್ ಇನೋ ಅದನ್ನು ತುಳಿದು ತಮ್ಮ ಐದನೇ ಟೂರ್ ಡಿ ಫ್ರಾನ್ಸ್ ಗೆದ್ದರು. 1990ರಲ್ಲಿ ಶಿಮಾನೊ ಕಂಪನಿ ಎಸ್‌ಪಿಡಿ ಎಂಬ ಪೆಡಲ್ ತಂದಿತು. ಅದಕ್ಕೆ ಸಿಕ್ಕಿಸುವ ಲೋಹದ ಬಿಲ್ಲೆ ಶೂವಿನ ಅಟ್ಟೆಯೊಳಗೆ ಹುದುಗಿರುವುದರಿಂದ ಆ ಶೂನಲ್ಲಿ ನಡೆಯಲೂಬಹುದು.

ಅಲ್ಲಿಂದ ಒಂದು ನಂಬಿಕೆ ಗಟ್ಟಿಯಾಯಿತು: ಪೆಡಲನ್ನು ಕೆಳಗೆ ತುಳಿದರೆ ಸಾಲದು, ಮೇಲಕ್ಕೂ ಎಳೆಯಬೇಕು, ಅದಕ್ಕೆ ಕಾಲು ಕಟ್ಟಿರಲೇಬೇಕು. ದಿನಬಳಕೆಯ ಸವಾರರೂ ಇದನ್ನು ನಂಬಿ ದುಡ್ಡು ಸುರಿದರು. 2007ರಲ್ಲಿ ಕಾರ್ಫ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಬೇಕೆಂದೇ ಮೇಲಕ್ಕೆ ಎಳೆದವರ ದೇಹ ಅಷ್ಟೇ ಕೆಲಸಕ್ಕೆ ಹೆಚ್ಚು ಶಕ್ತಿ ಖರ್ಚು ಮಾಡಿದ್ದು ಕಂಡಿತು. ಮರುವರ್ಷ ಮಾರ್ನಿಯೂ ತಂಡವು ಸಾದಾ ಪೆಡಲಿಗೂ ಕಾಲು ಕಚ್ಚಿ ಹಿಡಿಯುವ ಪೆಡಲಿಗೂ ದೇಹದ ಶಕ್ತಿವ್ಯಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದು ವರದಿ ಮಾಡಿತು. ಕಡೆಯ ನೂರು ಮೀಟರ್ ಓಟದಲ್ಲಿ, ಅತಿ ವೇಗದಲ್ಲಿ ಕಾಲು ಕಳಚದಿರುವುದು ಲಾಭವೇ, ನಿಜ. ಸಿಗ್ನಲ್ಲಿಗೊಮ್ಮೆ ಕಾಲು ಊರುವವರಿಗೆ ಆ ಲಾಭ ಬೇಕಿಲ್ಲ. ಅಮೆರಿಕದ ಸೈಕಲ್ ತಯಾರಕ ಗ್ರಾಂಟ್ ಪೀಟರ್ಸನ್ 2012ರ ತಮ್ಮ ‘ಜಸ್ಟ್ ರೈಡ್’ ಪುಸ್ತಕದಲ್ಲಿ ಮಾಮೂಲಿ ಚಪ್ಪಲಿ, ಮಾಮೂಲಿ ಪೆಡಲಿನ ಪರವಾಗಿ ವಾದಿಸಿದ್ದಾರೆ. ಆ ವಾದ ನನಗೂ ಒಪ್ಪಿಗೆ.

ಸಾದಾ ಪೆಡಲಿಗೆ ಮರುಜೀವ ಕೊಟ್ಟವರು ಬಿಎಂಎಕ್ಸ್ ಹಾಗೂ ಬೆಟ್ಟ ಇಳಿಯುವ ಸವಾರರು. ಅವರಿಗೆ ಕಾಲು ಜಾರಲೂ ಬಾರದು, ಸಿಕ್ಕಿಕೊಳ್ಳಲೂ ಬಾರದು. ಅದಕ್ಕಾಗಿ ಹುಟ್ಟಿದ್ದೇ ಅಗಲವಾದ, ತೆಳುವಾದ, ಅಂಚಿನಲ್ಲಿ ಸಣ್ಣ ಮೊಳೆಗಳಿರುವ ಪೆಡಲ್. ಈಗ ಅದು ನೈಲಾನಿನಲ್ಲೂ ಬರುತ್ತದೆ. ಜಪಾನಿನ ಎಂಕೆಎಸ್ ಕಂಪನಿಯ ಲ್ಯಾಂಬ್ಡಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾದದ ಉದ್ದಕ್ಕೆ ಆಸರೆ ಕೊಡುತ್ತದೆ.

ದಿನಬಳಕೆಗೆ ಆರಿಸುವಾಗ ಅಗಲವನ್ನೇ ಮೊದಲು ನೋಡಿ. ಸುಮಾರು 100 ಮಿಲಿಮೀಟರ್ ಉದ್ದಗಲದ ಪೆಡಲ್ ಪಾದದ ಭಾರವನ್ನು ಹರಡುತ್ತದೆ. ಮೆತ್ತನೆಯ ಅಟ್ಟೆಯವರಿಗೆ ಬೆರಳಬುಡದ ಉರಿ ಕಡಿಮೆಯಾಗಲು ಇದೇ ಸಾಕು. ಕಬ್ಬಿಣದ ಮೊಳೆಗಳು ಮೊಣಕಾಲ ಕೆಳಗಿನ ಮೂಳೆಗೆ ತಗುಲಿದರೆ ಗಾಯ ಗ್ಯಾರಂಟಿ. ಸೀರೆ, ಪ್ಯಾಂಟು, ಚಪ್ಪಲಿಯವರು ನೈಲಾನ್ ಮೊಳೆಯದ್ದನ್ನೋ ಹೊಸ ರಬ್ಬರಿನದ್ದನ್ನೋ ಹಾಕಿಸಿಕೊಳ್ಳಲಿ. ಹಿಂದೆ ಮುಂದೆ ರಿಫ್ಲೆಕ್ಟರ್ ಇರುವುದನ್ನೇ ಕೇಳಿ: ಮೇಲೆ ಕೆಳಗೆ ಆಡುವ ಆ ಬೆಳಕು ಕಂಡೊಡನೆ ಮುಂದೆ ಸೈಕಲ್ ಇದೆಯೆಂದು ಲಾರಿಯವನಿಗೆ ಗೊತ್ತಾಗುತ್ತದೆ. ದೊಡ್ಡವರ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 9/16 ಇಂಚಿನ ಥ್ರೆಡ್ಡು, ಮಕ್ಕಳ ಕೆಲವು ಸೈಕಲ್ಲುಗಳಲ್ಲಿ ಅರ್ಧ ಇಂಚಿನದು. 15 ಮಿಲಿಮೀಟರ್ ಸ್ಪ್ಯಾನರ್, ಒಂದು ಬೊಟ್ಟು ಗ್ರೀಸ್ ಇದ್ದರೆ ಹತ್ತು ನಿಮಿಷದ ಕೆಲಸ. ಮುಂದಿನ ಸಲ ಸೈಕಲ್ ಸರ್ವಿಸಿಗೆ ಬಿಟ್ಟಾಗ ಪೆಡಲನ್ನೂ ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ. ಸವೆದಿದ್ದರೆ ಅವತ್ತೇ ಬದಲಿಸಿ.