ಕೈ ಕಟ್ಟದ ಪಾಠಶಾಲೆ

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರೈಲುದಾರಿಯಲ್ಲಿ ಕವಲಂದೆ ಒಂದು ಸಣ್ಣ ನಿಲ್ದಾಣ. ಆ ಸೀಮೆಯ ಬದನವಾಳು ಮಾತ್ರ ಖಾದಿಯ ಚರಿತ್ರೆಯಲ್ಲಿ ದೊಡ್ಡ ಹೆಸರು. 1920ರ ದಶಕದಲ್ಲಿ ಅಲ್ಲಿ ನೂಲುವ ಕೇಂದ್ರ ನೆಲೆಗೊಂಡಿತು. ಸುತ್ತಣ ಹಳ್ಳಿಗಳ ಹೆಂಗಸರು ರಾಟೆ ಹಿಡಿದರು. ಗಾಂಧೀಜಿಯವರೇ ಬಂದು ನೋಡಿದರು. ಅದೇ ತಾಲ್ಲೂಕಿನ ತಗಡೂರು ರಾಮಚಂದ್ರರಾಯರು ಖಾದಿ ಪ್ರಚಾರ, ಅಸ್ಪೃಶ್ಯತಾ ನಿವಾರಣೆಗಳೆರಡನ್ನೂ ವ್ರತವಾಗಿ ಕೈಕೊಂಡು ದುಡಿದರು. ಈ ಸಂಗತಿಗಳನ್ನು ಸ್ವಾತಂತ್ರ್ಯ ಸಂಗ್ರಾಮದ ಅಧ್ಯಾಯದಲ್ಲಿ ಓದುವುದು ರೂಢಿ. ಆದರೆ ರಾಟೆಗೆ ಶಿಕ್ಷಣದ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು.

ನಮ್ಮ ಹಳೆಯ ಕೂಲಿಮಠದಲ್ಲಿ ಮಗುವಿನ ಬೆರಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿತ್ತು, ನಿಜ. ಅದರಾಚೆಗೆ ಮಗ್ಗಿ, ಕಾಗುಣಿತ, ಅಮರ ಎಲ್ಲವೂ ಕಂಠಪಾಠವೇ. ಮುಂದೆ ಸರಕಾರಿ ಶಾಲೆಗಳು ಬಂದಾಗಲೂ ಮೇಷ್ಟರ ಮೊದಲ ಅಪ್ಪಣೆ ಬದಲಾಗಲಿಲ್ಲ: ಕೈ ಕಟ್ಟಿ ಕೂತುಕೋ! ಸುಮ್ಮನಿರಲಾರದ ಅಂಗವನ್ನೇ ಮೊದಲು ಬಂಧಿಸಿ, ಅನಂತರ ವಿದ್ಯೆಯನ್ನು ಆರಂಭಿಸುವುದು ಆ ಪದ್ಧತಿಯ ಕ್ರಮ.

ಈ ಕ್ರಮವನ್ನು ತಿರುವುಮುರುವು ಮಾಡಿದ ಸಮ್ಮೇಳನವೊಂದು 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ನಡೆಯಿತು. ದೇಹ, ಬುದ್ಧಿ, ಆತ್ಮ ಮೂರೂ ಒಟ್ಟಿಗೆ ಅರಳುವುದೇ ಶಿಕ್ಷಣವೆಂಬುದು ಗಾಂಧೀಜಿಯವರ ನಂಬಿಕೆ. ಜಾಕಿರ್ ಹುಸೇನರ ಸಮಿತಿ ಇದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು: ಏಳು ವರ್ಷಗಳ ಉಚಿತ ಶಿಕ್ಷಣ, ಮಾತೃಭಾಷೆಯ ಮಾಧ್ಯಮ, ನಡುವೆ ಒಂದು ಕಸುಬು. ಐದೂವರೆ ಗಂಟೆಯ ಶಾಲಾದಿನದಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಕಸುಬಿಗೇ ಮೀಸಲು. 1938ರಲ್ಲಿ ಹರಿಪುರ ಕಾಂಗ್ರೆಸ್ಸು ಈ ತತ್ತ್ವವನ್ನು ಒಪ್ಪಿತು. ನಾವು ಮೂಲಶಿಕ್ಷಣವೆಂದು ಕರೆದದ್ದು ಇದನ್ನೇ.

ನೂಲುವುದರಲ್ಲಿ ಪಾಠವೇನಿದೆ ಎಂದು ಓದುಗರು ಕೇಳಬಹುದು. 840 ಗಜ ಉದ್ದದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡು ತೂಗುತ್ತದೆಯೋ ಅದು ಹತ್ತಿನೂಲಿನ ನಂಬರು. ನಂಬರು ಏರಿದಷ್ಟೂ ನೂಲು ಸಣ್ಣ. ಇದನ್ನು ತಾನೇ ಅಳೆದು ತೂಗಿ ಕಂಡುಕೊಂಡ ಮಗುವಿಗೆ ಭಾಗಾಕಾರವನ್ನು ಬೆತ್ತ ಹಿಡಿದು ಕಲಿಸಬೇಕಾಗಿಲ್ಲ. ಹತ್ತಿಯ ಗಿಡ ಸಸ್ಯಶಾಸ್ತ್ರವನ್ನು ತೆರೆಯುತ್ತದೆ. ಮ್ಯಾಂಚೆಸ್ಟರಿನ ಬಟ್ಟೆ ಚರಿತ್ರೆಯನ್ನು ತೆರೆಯುತ್ತದೆ.

ಕನ್ನಡಿಗರಿಗೆ ಈ ವಿಚಾರ ಹೊಸದಾಗಿ ತೋರಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಹೊಟ್ಟೆಪಾಡಿನಿಂದ ಸಾಧನೆಯ ಮಟ್ಟಕ್ಕೆ ಎತ್ತಿದರು. ಅವರಲ್ಲಿ ದೋಣಿ ನಡೆಸುವ ಚೌಡಯ್ಯನಿದ್ದ, ಕಟ್ಟಿಗೆ ಮಾರುವ ಮಾರಯ್ಯನಿದ್ದ. ನೂಲು ತೆಗೆಯುವ ಕದಿರ ರೆಮ್ಮವ್ವೆಯಂತೂ ತನ್ನ ರಾಟೆಯ ಅಂಗಾಂಗಗಳಲ್ಲಿ ತ್ರಿಮೂರ್ತಿಗಳನ್ನು ಕಂಡಳು. ಕೈ ಮಾಡುವ ಕೆಲಸದಿಂದಲೇ ಅರಿವು ಮೂಡಬಲ್ಲುದೆಂಬುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ನಮ್ಮದಾದ ಸಾಕ್ಷಿ ಬೇಕೆ?

ಆದರೂ ಮೂಲಶಿಕ್ಷಣ ನಿಲ್ಲಲಿಲ್ಲ. ಮಕ್ಕಳು ತಯಾರಿಸಿದ ವಸ್ತುವಿನ ಬೆಲೆಯಿಂದಲೇ ಶಾಲೆಯ ಖರ್ಚು ಸಾಗಬೇಕೆಂಬ ಅಂಶವನ್ನು ಅರ್ಥಶಾಸ್ತ್ರಜ್ಞ ಕೆ. ಟಿ. ಶಾ ವಾರ್ಧಾದಲ್ಲಿಯೇ ಆಕ್ಷೇಪಿಸಿದ್ದರು. ಆ ಆಕ್ಷೇಪಣೆ ಸಣ್ಣದಲ್ಲ. ನೂಲಿನ ಲೆಕ್ಕ ಮುಂದಾದೊಡನೆ ಮಗು ಹಿಂದಾಗುತ್ತದೆ, ಶಾಲೆ ಕಾರ್ಖಾನೆಯಾಗುತ್ತದೆ. ಎರಡನೆಯ ತೊಡಕು ಜಾತಿಯದು. ಕಸುಬೇ ಕುಲದ ಗುರುತಾದ ದೇಶದಲ್ಲಿ, ತಲೆಮಾರುಗಳಿಂದ ದುಡಿದವನು ಮಗನನ್ನು ಶಾಲೆಗೆ ಕಳಿಸಿದ್ದು ಆ ಗುರುತಿನಿಂದ ಪಾರಾಗಲೆಂದು. ಪಟ್ಟಣದ ಮಗುವಿಗೆ ಪುಸ್ತಕ, ಹಳ್ಳಿಯ ಮಗುವಿಗೆ ತಕಲಿ ಎಂದಾದರೆ ಅವನು ಒಪ್ಪುವುದು ಹೇಗೆ? 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗದ ವರದಿಯಲ್ಲಿ ಕಸುಬು ಕಾರ್ಯಾನುಭವವೆಂಬ ಒಂದು ವಿಷಯವಾಗಿ ಉಳಿಯಿತು.

ಬದನವಾಳಿನ ಮುಂದಿನ ಚರಿತ್ರೆ ಈ ತೊಡಕನ್ನು ಕಠೋರವಾಗಿ ನೆನಪಿಸುತ್ತದೆ. ರಾಟೆ ತಿರುಗಿದ ಅದೇ ಊರಿನಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದೂ ಆ ಊರನ್ನೇ. ಕಸುಬೊಂದೇ ಮನಸ್ಸನ್ನು ತಿದ್ದಲಾರದು. ಶರಣರು ಇದನ್ನು ಬಲ್ಲವರಾಗಿದ್ದುದರಿಂದಲೇ ಕಾಯಕದಲ್ಲಿ ಮೇಲು ಕೀಳಿಲ್ಲವೆಂದರು. ಅದರ ಜೊತೆಗೆ ದಾಸೋಹವನ್ನು ಇಟ್ಟರು. ನಾವು ಕಾಯಕವನ್ನು ಹೊಗಳಿ ಆ ಎರಡನ್ನು ಮರೆತೆವು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಿದೆ. ಆ ದಿನಗಳಲ್ಲಿ ಅವರು ಬಡಗಿ, ಕುಂಬಾರ, ತೋಟಗಾರರಂಥವರ ಬಳಿ ಕೆಲಸ ಕಲಿಯಬೇಕು. ದಿನವೂ ಅರ್ಧ ದಿನಕ್ಕಿಂತಲೂ ಹೆಚ್ಚಾಗಿದ್ದದ್ದು ಬರಿಯ ಹತ್ತು ದಿನವಾಗಿದೆ. ಇರಲಿ, ಅಷ್ಟಾದರೂ ನಡೆಯಲಿ. ಆದರೆ ಬಡಗಿಯ ಬಳಿಗೆ ವೈದ್ಯರ ಮಗಳೂ ಹೋಗಬೇಕು; ಬಡಗಿಯ ಮಗನಿಗೆ ವೈದ್ಯನಾಗುವ ದಾರಿಯೂ ತೆರೆದಿರಬೇಕು. ಎರಡು ಬೀದಿಗಳ ಮಕ್ಕಳು ಒಂದೇ ಜಗುಲಿಯ ಮೇಲೆ ಕುಳಿತು ಕಟ್ಟಿದ ಕೈ ಬಿಚ್ಚಿದಾಗ ಮಾತ್ರ ಅದು ಕಾಯಕ. ಇಲ್ಲವಾದರೆ ಬರಿಯ ಕೂಲಿ.