ಹರಿಗೆ ಹಿಡಿದವರು

ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೋ ಗುಡಿಯ ಅಂಗಳದಲ್ಲೋ ವೀರಗಲ್ಲೊಂದು ಎದುರಾಗುವುದು ಅಪರೂಪವಲ್ಲ. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಅಥವಾ ಜಿನನ ಸನ್ನಿಧಿ. ಕಾಳಗದ ಚಿತ್ರದಲ್ಲಿ ಕತ್ತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಇನ್ನೊಂದು ಕೈಯ ಗುರಾಣಿಯನ್ನು ಗಮನಿಸುವವರು ಕಡಿಮೆ.

ಹಿಂದೆ ಕನ್ನಡದಲ್ಲಿ ಇದಕ್ಕೆ ‘ಹರಿಗೆ’ ಎಂಬ ಹೆಸರಿತ್ತು; ಅದಕ್ಕೂ ಹಳೆಯ ರೂಪ ‘ಪರಿಗೆ’. ಕಳರಿಪಯಟ್ಟಿನಲ್ಲಿ ಇಂದಿಗೂ ಕೇಳಿಬರುವ ಮಲಯಾಳದ ‘ಪರಿಚ’ ಇದರ ದಾಯಾದಿ. ಸಂಸ್ಕೃತದಿಂದ ‘ಖೇಟಕ’ ಬಂತು, ಉತ್ತರದ ಭಾಷೆಗಳಿಂದ ‘ಢಾಲು’ ಬಂತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ‘ಗುರಾಣಿ’.

ಇಂಗ್ಲಿಷರ ‘ಶೀಲ್ಡ್’ ನಮಗೆ ಬಂದದ್ದು ಆಟದ ಬಯಲಿನ ದಾರಿಯಲ್ಲಿ. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಬ್ರಿಟಿಷ್ ಸೈನಿಕರ ತಂಡವನ್ನು ಸೋಲಿಸಿ ಗೆದ್ದದ್ದು ಐ.ಎಫ್.ಎ. ಶೀಲ್ಡನ್ನು. ನಮ್ಮ ಶಾಲೆಗಳಲ್ಲಿ ವರ್ಷಕ್ಕೊಬ್ಬರ ಕೈ ಸೇರುವ ಶೀಲ್ಡಿಗೆ ‘ಪರ್ಯಾಯ ಫಲಕ’ ಎನ್ನುವುದುಂಟು. ಸಂಸ್ಕೃತದ ‘ಫಲಕ’ ಶಬ್ದಕ್ಕೆ ಹಲಗೆಯೆಂಬಂತೆ ಗುರಾಣಿಯೆಂಬ ಅರ್ಥವೂ ಇದೆ! 2021ರಲ್ಲಿ ಇದೇ ಶೀಲ್ಡ್ ‘ಕೋವಿಶೀಲ್ಡ್’ ಆಗಿ ಹಳ್ಳಿಹಳ್ಳಿಯ ಮಾತಿಗೂ ಸೇರಿತು.

ಸರ್ಕಾರಿ ಕಾಗದಪತ್ರಗಳ ಮೇಲೂ ಒಂದು ಗುರಾಣಿಯಿದೆ. ಕರ್ನಾಟಕದ ರಾಜ್ಯಲಾಂಛನದಲ್ಲಿ ಗಂಡಭೇರುಂಡ ನಿಂತಿರುವುದು ಕೆಂಪು ಗುರಾಣಿಯ ಮೇಲೆ. ಯುರೋಪಿನ ಮನೆತನಗಳ ಲಾಂಛನಗಳನ್ನು ನೆನಪಿಸುವ ಈ ಗುರಾಣಿಯ ಆಕಾರ ಹೊರಗಿನದು, ಹಕ್ಕಿ ನಮ್ಮದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಕಂಬದ ತುದಿಯಲ್ಲಿ ಇದೇ ಗಂಡಭೇರುಂಡವಿದೆ.

ವೀರಗಲ್ಲುಗಳ ಗುರಾಣಿಯಾದರೋ ಅಲಂಕಾರಕ್ಕಲ್ಲ. ಊರ ದನಗಳನ್ನು ಹೊಡೆದುಕೊಂಡು ಹೋಗುವ ‘ತುರುಗೋಳ್’, ಊರನ್ನೇ ಹಾಳುಗೆಡಹುವ ‘ಊರಳಿವು’, ಹೆಣ್ಣುಮಕ್ಕಳ ಮಾನಕ್ಕೆ ಕುತ್ತು ಬಂದಾಗಿನ ‘ಪೆಣ್ಬುಯ್ಯಲ್’ ಇಂಥ ಹೊತ್ತಿನಲ್ಲಿ ಮುಂದೆ ನಿಂತು ಸತ್ತವರಿಗಾಗಿ ಈ ಕಲ್ಲುಗಳು ಎದ್ದವು. ಇವರಲ್ಲಿ ದೊಡ್ಡ ಅರಸರು ವಿರಳ. ಊರಿನ ಸಾಮಾನ್ಯರೇ ಹೆಚ್ಚು. ಸತ್ತವನ ಮನೆಯವರಿಗೆ ‘ನೆತ್ತರುಕೊಡಗೆ’ಯಾಗಿ ಭೂಮಿ ಬಿಡುವ ಪದ್ಧತಿಯೂ ಇತ್ತು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ, 8ನೆಯದರಲ್ಲಿ (1904) ಸೊರಬದ ಶಾಸನಗಳು ಅಚ್ಚಾಗಿವೆ. ಇಲ್ಲದಿದ್ದರೆ ಎಲ್ಲೂ ಉಳಿಯದಿದ್ದ ಎಷ್ಟೋ ಹೆಸರುಗಳು ಅಲ್ಲಿ ಉಳಿದಿವೆ.

ಇಂದಿನ ಮಾತಿನಲ್ಲಿ ಗುರಾಣಿ ದಿಕ್ಕು ಬದಲಿಸಿದೆ. ‘ಕಾನೂನನ್ನು ಗುರಾಣಿ ಮಾಡಿಕೊಂಡ’, ‘ಬಡವರನ್ನು ಗುರಾಣಿಯಾಗಿ ಮುಂದೊಡ್ಡಿದ’ ಎನ್ನುತ್ತೇವೆ. ಯುದ್ಧದ ಸುದ್ದಿಯಲ್ಲಿ ‘ಮಾನವ ಗುರಾಣಿ’ ಎಂದು ಓದುತ್ತೇವೆ. ಅಂದರೆ ಒಬ್ಬನು ಅಡಗಲು ಇನ್ನೊಬ್ಬನು ಗುರಾಣಿ. ಕಲ್ಲಿನ ವೀರನದು ಇದಕ್ಕೆ ತಿರುಗುಮುರುಗು. ಅವನು ಹರಿಗೆ ಹಿಡಿದದ್ದು ತನ್ನ ಮೈ ಕಾಯಲು ನಿಜ. ಆದರೆ ಅವನ ಬೆನ್ನ ಹಿಂದೆ ಇಡೀ ಊರಿತ್ತು.

ಮಳೆ ಬಿಸಿಲಿಗೆ ಸವೆಯುತ್ತಿರುವ ಆ ಕಲ್ಲುಗಳಿಗೆ ಈಗ ಊರೇ ಹರಿಗೆ ಹಿಡಿಯಬೇಕಾಗಿದೆ.