ಮೈಕ್ರಾಸ್ಟರ್: ಸೀಮೆಸುಣ್ಣದೊಳಗಿನ ಹೃದಯ

ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಗಳಲ್ಲಿ ಅಳಿದುಹೋದ ಒಂದು ಕುಲ ಮೈಕ್ರಾಸ್ಟರ್. ಹೃದಯಾಕಾರದ ಇದರ ಚಿಪ್ಪುಗಳು ಇಂಗ್ಲೆಂಡ್, ಫ್ರಾನ್ಸ್‌ಗಳ ಕ್ರಿಟೇಷಿಯಸ್ ಕಾಲದ ಸೀಮೆಸುಣ್ಣದ ಪದರಗಳಲ್ಲಿ ಹೇರಳ. 1899ರಲ್ಲಿ ಮಾರ್ಗೇಟ್‌ನ ವೈದ್ಯ ಆರ್ಥರ್ ರೋ ಅವುಗಳನ್ನು ಪದರವಾರು ಆಯ್ದು ಹೋಲಿಸಿ, ಚಿಪ್ಪಿನ ರೂಪ ಮೆಲ್ಲಮೆಲ್ಲನೆ ಮಾರ್ಪಟ್ಟುದನ್ನು ತೋರಿಸಿದರು. ಡಾರ್ವಿನ್ ವಾದಕ್ಕೆ ಶಿಲೆಯೇ ನುಡಿದ ಸಾಕ್ಷಿಯೆಂದು ಅದು ಪಠ್ಯಪುಸ್ತಕಗಳನ್ನು ಸೇರಿತು. ಮುಂದೆ, ವಂಶದ ಹಾದಿ ರೋ ಎಣಿಸಿದಷ್ಟು ನೇರವಲ್ಲ, ಕವಲುಗಳುಂಟು ಎಂಬ ಆಕ್ಷೇಪ ಬಂತು. ಆದರೂ ಪದರಗಳ ಕಾಲನಿರ್ಣಯಕ್ಕೆ ಈ ಚಿಪ್ಪುಗಳು ಇಂದಿಗೂ ನೆರವಾಗುತ್ತವೆ. ವಿಜ್ಞಾನಕ್ಕೂ ಮೊದಲೇ ಇವು ಜನರನ್ನು ಸೆಳೆದಿದ್ದವು: ಡನ್‌ಸ್ಟಬಲ್ ಬಳಿ 1887ರಲ್ಲಿ ಅಗೆದ ಕಂಚಿನ ಯುಗದ ಸಮಾಧಿಯೊಂದರಲ್ಲಿ ಹೆಣ್ಣು ಮತ್ತು ಮಗುವಿನ ಅಸ್ಥಿಗಳೊಂದಿಗೆ ಇಂತಹ ನೂರಾರು ಪಳೆಯುಳಿಕೆಗಳು ದೊರೆತಿದ್ದವು.